ತೋಳಮಾನವರ ಪ್ರೇಮಕಥೆ: ಮಕ್ಕಳು ಓದುವುದನ್ನು ನಾವೂ ಓದೋಣ

ಮಗಳ ಚೀಲದಲ್ಲಿ ಕಪ್ಪು ಮುಖಪುಟದ ದಪ್ಪ ಇಂಗ್ಲಿಷ್ ಕಾದಂಬರಿ ಕಂಡರೆ 'ಇದೇನು ಪಿಶಾಚಿ ಕಥೆ?' ಎಂದು ಗದರಿಸಿ ಬಿಡುತ್ತೇವೆ. ಒಳಗೆ ಏನಿದೆ ಎಂದು ನೋಡುವವರು ಕಡಿಮೆ. ನಿಜ ಹೇಳಬೇಕೆಂದರೆ, ಅದರಲ್ಲಿ ಚಿಂತಿಸಬೇಕಾದದ್ದು ಪಿಶಾಚಿಯಲ್ಲ.

ಅಮೆರಿಕದ ಲೇಖಕಿ ಸ್ಟೆಫನಿ ಮೇಯರ್ ಅವರ 'ಟ್ವೈಲೈಟ್' ಮಾಲೆಯ ನಾಲ್ಕು ಮುಖ್ಯ ಕಾದಂಬರಿಗಳು 2005ರಿಂದ 2008ರ ನಡುವೆ ಪ್ರಕಟವಾದವು. ಎರಡನೆಯದರಲ್ಲಿ ನಾಯಕಿ ಬೆಲ್ಲಾಳ ಗೆಳೆಯ ಜೇಕಬ್ ತೋಳವಾಗುತ್ತಾನೆ. ಇದಕ್ಕೆ ಹುಣ್ಣಿಮೆ ಬೇಡ, ಸಿಟ್ಟು ಬಂದರೆ ಸಾಕು. ದಿಢೀರನೆ ಬೆಳೆಯುವ ಮೈ, ಹತೋಟಿ ತಪ್ಪುವ ಕೋಪ, ಮನೆಯವರಿಗೆ ಹೇಳಲಾಗದ ಗುಟ್ಟು: ಹದಿಹರೆಯದವರಿಗೆ ಇದು ತಮ್ಮದೇ ಕಥೆಯಂತೆ ಕಂಡರೆ ಆಶ್ಚರ್ಯವೇನು?

ಜೇಕಬ್‌ನ ಜನಾಂಗವಾದ ಕ್ವಿಲಿಯೂಟರು ಕಲ್ಪನೆಯವರಲ್ಲ. ವಾಷಿಂಗ್ಟನ್ ರಾಜ್ಯದ ಪೆಸಿಫಿಕ್ ಕರಾವಳಿಯ ಲಾ ಪುಶ್‌ನಲ್ಲಿ ಬಾಳುತ್ತಿರುವ ಮೂಲನಿವಾಸಿಗಳು. ತಮ್ಮ ಪೂರ್ವಜರು ತೋಳಗಳಿಂದ ಮನುಷ್ಯರಾದರೆಂಬುದು ಅವರ ಹಳೆಯ ಕಥೆ. ಉಳಿದದ್ದು ಮೇಯರ್ ಅವರ ಕಲ್ಪನೆ. ಸುನಾಮಿಯ ಭಯದಲ್ಲಿದ್ದ ಈ ಜನರಿಗೆ ಎತ್ತರದ ಜಾಗ ಕೊಡುವ ಕಾನೂನು ಅಮೆರಿಕದಲ್ಲಿ 2012ರಲ್ಲಿ ಬಂತು.

ನಮ್ಮನ್ನು ಕಾಡಿದ್ದು 'ಇಂಪ್ರಿಂಟ್' ಎಂಬ ಕಟ್ಟಳೆ. ತೋಳವಾದವನು ಒಬ್ಬಳನ್ನು ನೋಡಿದ ಕ್ಷಣದಲ್ಲೇ ಜೀವನಪೂರ್ತಿ ಅವಳಿಗೆ ಕಟ್ಟುಬೀಳುತ್ತಾನೆ. ಆಯ್ಕೆಯೆಂಬುದೇ ಇಲ್ಲ. ಲಿಯಾಳನ್ನು ಪ್ರೀತಿಸುತ್ತಿದ್ದ ಸ್ಯಾಮ್ ಹೀಗೆ ಅವಳ ಸಂಬಂಧಿ ಎಮಿಲಿಯ ಪಾಲಾಗುತ್ತಾನೆ. ಮುಂದೆ ಲಿಯಾಳೂ ತೋಳವಾಗುತ್ತಾಳೆ. ಗುಂಪಿನ ತೋಳಗಳಿಗೆ ಒಬ್ಬರ ಮನಸ್ಸು ಇನ್ನೊಬ್ಬರಿಗೆ ಕೇಳಿಸುವುದರಿಂದ ಸ್ಯಾಮ್‌ನ ಪ್ರೀತಿಯನ್ನು ಅವಳು ಪ್ರತಿದಿನ ಕೇಳಬೇಕು. ಪಾಪ, ಮಾಲೆಯಲ್ಲಿ ನಮಗೆ ಅತ್ಯಂತ ನಿಜವೆನಿಸಿದವಳು ಅವಳೇ. ಇನ್ನು ಎಮಿಲಿಯ ಮುಖದ ಗಾಯ, ಸ್ಯಾಮ್ ಸಿಟ್ಟಿನಲ್ಲಿ ತೋಳವಾದಾಗ ಆದದ್ದು. ಕಾದಂಬರಿ ಅದನ್ನು ದೊಡ್ಡ ಪ್ರೇಮವೆಂದೇ ತೋರಿಸುತ್ತದೆ. 'ಅವನ ಕೈಯಲ್ಲಿ ಏನಿತ್ತು?' ಎಂಬ ಮಾತನ್ನು ಪೆಟ್ಟು ತಿಂದ ಹೆಂಗಸರ ಮನೆಗಳಲ್ಲೂ ನಾವು ಕೇಳಿಲ್ಲವೇ?

ಎಲ್ಲ ತೋಳಕಥೆಗಳೂ ಹೀಗಿಲ್ಲ. ಮ್ಯಾಗಿ ಸ್ಟೀಫ್‌ವೇಟರ್ ಅವರ 'ಶಿವರ್' (2009) ಕಾದಂಬರಿಯಲ್ಲಿ ಚಳಿ ಬಂದರೆ ಹುಡುಗ ತೋಳ, ಬೆಚ್ಚಗಾದರೆ ಮನುಷ್ಯ. ವರ್ಷ ಕಳೆದಂತೆ ಮನುಷ್ಯನಾಗಿರುವ ದಿನಗಳು ಕಡಿಮೆಯಾಗುತ್ತವೆ. ಅವನು ತೋಳತನವನ್ನು ನೆಪ ಮಾಡಿಕೊಳ್ಳುವುದಿಲ್ಲ. ಮನುಷ್ಯನಾಗಿಯೇ ಉಳಿಯಲು ಹೆಣಗುತ್ತಾನೆ.

ಹಾಗಾದರೆ 'ಟ್ವೈಲೈಟ್' ಕಸಿದುಕೊಳ್ಳಬೇಕೇ? ಕಸಿದರೆ ಗೆಳತಿಯ ಮನೆಯಲ್ಲಿ ಓದುತ್ತಾರೆ, ಅಷ್ಟೇ. ತಂದೆಯಂದಿರಾದರೂ ಮೂರನೆಯ ಪುಸ್ತಕ 'ಎಕ್ಲಿಪ್ಸ್' (2007) ಓದಬೇಕು. ಜೇಕಬ್ ಬೆಲ್ಲಾಳಿಗೆ ಬಲವಂತವಾಗಿ ಮುತ್ತಿಡುತ್ತಾನೆ. ಅವಳು ಗುದ್ದಿದರೆ ಪೆಟ್ಟಾಗುವುದು ಅವಳ ಕೈಗೇ. ವಿಷಯ ತಿಳಿದ ಅವಳ ತಂದೆ ಹುಡುಗನಿಗೇ ಶಹಬ್ಬಾಸ್ ಎನ್ನುತ್ತಾನೆ. ಆ ಪುಟ ಓದಿದಾಗ ನಿನಗೆ ಏನನ್ನಿಸಿತು ಎಂದು ಮಗಳನ್ನು ಕೇಳಿನೋಡಿ. ಮಗನನ್ನೂ.