ಈಜಿಪ್ಟಿನ ದಾರಿ ನಮ್ಮ ಊರಿನಿಂದಲೂ ಹೊರಡುತ್ತದೆ
(ಪವಿತ್ರ ಕುಟುಂಬದ ಹಬ್ಬಕ್ಕೊಂದು ಚಿಂತನೆ)



ಕ್ರಿಸ್ತಜಯಂತಿಯ ನಂತರದ ಭಾನುವಾರ ಧರ್ಮಸಭೆಯು ಪವಿತ್ರ ಕುಟುಂಬದ ಹಬ್ಬವನ್ನು ಆಚರಿಸುತ್ತದೆ. ನಮ್ಮ ಮನೆಗಳ ಗೋಡೆಯ ಮೇಲಿರುವ ಪವಿತ್ರ ಕುಟುಂಬದ ಚಿತ್ರಪಟದಲ್ಲಿ ಎಲ್ಲವೂ ಶಾಂತವಾಗಿರುತ್ತದೆ. ಸಂತ ಜೋಸೆಫರ ಕೈಯಲ್ಲಿ ಬಡಗಿಯ ಉಳಿ, ಮಾತೆ ಮರಿಯಮ್ಮನವರ ಕೈಯಲ್ಲಿ ಮನೆಗೆಲಸ, ನಡುವೆ ಬಾಲಯೇಸು. ಆದರೆ ಮೂರು ವರ್ಷಕ್ಕೊಮ್ಮೆ ಈ ಹಬ್ಬದಂದು ಓದಲಾಗುವ ಮತ್ತಾಯನ ಶುಭಸಂದೇಶದ ಎರಡನೆಯ ಅಧ್ಯಾಯ ನಮಗೆ ಬೇರೊಂದು ಚಿತ್ರವನ್ನು ತೋರಿಸುತ್ತದೆ. ಅಲ್ಲಿ ಇದೇ ಕುಟುಂಬ ರಾತ್ರೋರಾತ್ರಿ ಎದ್ದು, ಕೈಗೆ ಸಿಕ್ಕಷ್ಟನ್ನು ಕಟ್ಟಿಕೊಂಡು, ಗಡಿ ದಾಟಿ ಈಜಿಪ್ಟಿಗೆ ಹೊರಡುತ್ತದೆ. ಹಿಂದೆ ಹೆರೋದನ ಕತ್ತಿ, ಮುಂದೆ ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಭಾಷೆ.

ಅವರು ಅಲ್ಲಿ ಎಷ್ಟು ವರ್ಷ ಇದ್ದರು, ಜೋಸೆಫರು ಏನು ಕೆಲಸ ಮಾಡಿದರು ಎಂಬುದನ್ನು ಶುಭಸಂದೇಶ ಹೇಳುವುದಿಲ್ಲ. ಆದರೆ ಪರದೇಶದಲ್ಲಿ ಹೆಂಡತಿ ಮಗುವನ್ನು ಸಾಕಬೇಕಾದ ಬಡಗಿಯೊಬ್ಬನು ಏನು ಮಾಡಿರಬಹುದು ಎಂದು ಊಹಿಸುವುದು ನಮಗೆ ಕಷ್ಟವಲ್ಲ. ಅವನು ಕೆಲಸ ಕೇಳಿಕೊಂಡು ಹೋಗಿರಬೇಕು. ಕೊಟ್ಟಷ್ಟು ಕೂಲಿ ತೆಗೆದುಕೊಂಡಿರಬೇಕು.

ಈ ಕಾರಣದಿಂದಲೇ ವಿಶ್ವಗುರು ಹನ್ನೆರಡನೆಯ ಪಯಸ್‌ರವರು 1952ರ ಆಗಸ್ಟ್ 1ರಂದು ವಲಸಿಗರ ಕುರಿತು ಹೊರಡಿಸಿದ ಪ್ರೇಷಿತ ಸಂವಿಧಾನದಲ್ಲಿ, ಈಜಿಪ್ಟಿಗೆ ಹೋದ ನಜರೇತಿನ ಕುಟುಂಬವೇ ಎಲ್ಲಾ ಕಾಲದ, ಎಲ್ಲಾ ದೇಶದ ವಲಸೆ ಕುಟುಂಬಗಳಿಗೆ ಮಾದರಿ ಮತ್ತು ಆಸರೆ ಎಂದು ಸಾರಿದರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ನಾಡಿನ ಕಡೆ ತಿರುಗಿ ನೋಡೋಣ.

ಚನ್ನಗಿರಿಯಿಂದ ಸುಡಾನಿಗೆ

ವಿದೇಶದ ದುಡಿಮೆ ಎಂದರೆ ಮಂಗಳೂರು, ಉಡುಪಿಯವರ ಮಾತು, ಮೆಕ್ಕೆಜೋಳ ಮತ್ತು ಅಡಿಕೆ ಬೆಳೆಯುವ ನ್ಯಾಮತಿ, ಹೊನ್ನಾಳಿ, ಚನ್ನಗಿರಿಯ ನಮಗೆ ಅದು ದೂರದ್ದು ಎಂದು ಯಾರಾದರೂ ಭಾವಿಸಿದ್ದರೆ, 2023ರ ಏಪ್ರಿಲ್ ತಿಂಗಳು ಆ ಭಾವನೆಯನ್ನು ಅಳಿಸಿಹಾಕಿತು. ಆ ತಿಂಗಳ 15ರಂದು ಆಫ್ರಿಕಾದ ಸುಡಾನ್ ದೇಶದಲ್ಲಿ ಸೇನೆಗೂ ಅರೆಸೇನಾ ಪಡೆಗೂ ಯುದ್ಧ ಆರಂಭವಾಯಿತು. ಕೆಲವೇ ದಿನಗಳಲ್ಲಿ ಬಂದ ಸುದ್ದಿ: ಡಾರ್ಫರ್ ಪ್ರಾಂತ್ಯದ ಎಲ್ ಫಶೇರ್ ನಗರದಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಜನಾಂಗದ 31 ಮಂದಿ ಸಿಕ್ಕಿಕೊಂಡಿದ್ದಾರೆ. ಹುಣಸೂರಿನವರು 19, ಶಿವಮೊಗ್ಗದವರು 7, ನಮ್ಮ ನೆರೆಯ ಚನ್ನಗಿರಿ ತಾಲ್ಲೂಕಿನವರು 5.

ಹಕ್ಕಿಪಿಕ್ಕಿಯವರು ಹೆಸರೇ ಹೇಳುವಂತೆ ಹಿಂದೆ ಹಕ್ಕಿ ಹಿಡಿದು ಬದುಕಿದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ಕಸುಬು ಉಳಿಯಲಿಲ್ಲ. ಕಾಡಿನ ಗಿಡಮೂಲಿಕೆಯ ಅರಿವು ಕೈಯಲ್ಲಿತ್ತು. ಅದರಿಂದ ಎಣ್ಣೆ, ಔಷಧಿ ಮಾಡಿ ಊರೂರಿಗೆ ಮಾರಿದರು, ನಂತರ ರಾಜ್ಯ ರಾಜ್ಯಕ್ಕೆ, ಕೊನೆಗೆ ಸಮುದ್ರ ದಾಟಿ ಆಫ್ರಿಕಾದ ದೇಶಗಳಿಗೆ. ಸಾಲ ಮಾಡಿ ಹೋಗಿ, ಬಾಡಿಗೆ ಕೋಣೆಯಲ್ಲಿದ್ದು, ಸಂತೆಯಲ್ಲಿ ಕುಳಿತು ಮಾರಿ, ಉಳಿದ ಹಣದಲ್ಲಿ ಊರಿನ ಸಾಲ ತೀರಿಸುವುದು ಅವರ ಲೆಕ್ಕ. ಯುದ್ಧ ಬಂದಾಗ ಕೋಣೆಯ ಹೊರಗೆ ಗುಂಡಿನ ಶಬ್ದ, ಒಳಗೆ ಅನ್ನ ನೀರಿಗೂ ಕಷ್ಟ.

ಭಾರತ ಸರ್ಕಾರ ಏಪ್ರಿಲ್ 24ರಂದು 'ಆಪರೇಷನ್ ಕಾವೇರಿ'ಯನ್ನು ಆರಂಭಿಸಿತು. ಸುಡಾನಿನ ಬಂದರಿನಿಂದ ನೌಕಾಪಡೆಯ ಹಡಗುಗಳಲ್ಲಿ ಮತ್ತು ವಾಯುಪಡೆಯ ವಿಮಾನಗಳಲ್ಲಿ ಜನರನ್ನು ಸೌದಿ ಅರೇಬಿಯಾದ ಜೆದ್ದಾಕ್ಕೆ ದಾಟಿಸಿ, ಅಲ್ಲಿಂದ ಊರಿಗೆ ಕಳುಹಿಸಲಾಯಿತು. ಮೇ ಆರಂಭದ ಹೊತ್ತಿಗೆ 3,862 ಜನ ಹೀಗೆ ಪಾರಾದರು. ನಮ್ಮ ಹಳ್ಳಿಯವರಿಗೆ ಅಂದು ಜೆದ್ದಾ ಎಂಬುದು ಈಜಿಪ್ಟಿನಂತೆ ಆಸರೆಯ ನೆಲವಾಯಿತು. ಹೆರೋದನಿಂದ ಓಡಿದವರಿಗೆ ಅನ್ಯದೇಶ ಬಾಗಿಲು ತೆರೆದ ಹಾಗೆ, ಗುಂಡಿನಿಂದ ಓಡಿದವರಿಗೂ ಅನ್ಯದೇಶವೇ ಬಾಗಿಲು ತೆರೆಯಿತು.

ಕೊಲ್ಲಿ ರಾಷ್ಟ್ರದ ದುಡಿಮೆ ಹೇಗೆ ನಡೆಯುತ್ತದೆ?

ನಮ್ಮ ಯುವಕ ಯುವತಿಯರು ಹೆಚ್ಚಾಗಿ ಹೋಗುವುದು ಕೊಲ್ಲಿ ರಾಷ್ಟ್ರಗಳಿಗೆ. ಅಲ್ಲಿನ ವ್ಯವಸ್ಥೆಯನ್ನು ಹೆತ್ತವರು ಅರಿತಿರಬೇಕು. ಅಲ್ಲಿ ಬಹಳ ಕಾಲದಿಂದ ನಡೆದುಬಂದಿರುವುದು 'ಕಫಾಲ' ಎಂಬ ಪದ್ಧತಿ. ಅಂದರೆ ಕೆಲಸಗಾರನ ವೀಸಾ ಒಬ್ಬ ಮಾಲೀಕನ ಹೆಸರಿಗೆ ಕಟ್ಟಿಕೊಂಡಿರುತ್ತದೆ. ಮಾಲೀಕನನ್ನು ಬಿಟ್ಟು ಹೊರಬಂದರೆ, ಏನೂ ಅಪರಾಧ ಮಾಡದಿದ್ದರೂ, ಅವನು 'ಓಡಿಹೋದವನು' ಎನಿಸಿಕೊಳ್ಳಬಹುದು. ಒಳ್ಳೆಯ ಮಾಲೀಕ ಸಿಕ್ಕರೆ ಬದುಕು ಹಸನಾಗುತ್ತದೆ; ಅಂಥವರು ಬೇಕಾದಷ್ಟು ಜನರಿದ್ದಾರೆ. ಕೆಟ್ಟವನು ಸಿಕ್ಕರೆ ಕೆಲಸಗಾರನಿಗೆ ಹೋಗಲು ದಾರಿಯಿಲ್ಲ. ಇತ್ತೀಚೆಗೆ ಈ ಕಟ್ಟು ಸಡಿಲವಾಗುತ್ತಿದೆ. ಕತಾರ್ ದೇಶವು 2020ರಲ್ಲಿ ಮಾಲೀಕನ ಅನುಮತಿಯಿಲ್ಲದೆ ಕೆಲಸ ಬದಲಿಸಲು ಅವಕಾಶ ಕೊಟ್ಟಿತು. 2021ರಲ್ಲಿ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನವನ್ನು ಜಾರಿಗೊಳಿಸಿತು. ಸೌದಿ ಅರೇಬಿಯಾವೂ 2021ರಲ್ಲಿ ನಿಯಮಗಳನ್ನು ಸಡಿಲಿಸಿತು.

ಆದರೂ ಅಪಾಯ ಮುಗಿದಿಲ್ಲ. 2024ರ ಜೂನ್ 12ರ ಮುಂಜಾನೆ ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರು ಮಲಗಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 45 ಭಾರತೀಯರು ಸತ್ತರು. ಅವರಲ್ಲಿ ಕಲಬುರಗಿ ಜಿಲ್ಲೆಯ ಒಬ್ಬರೂ ಇದ್ದರು. ಒಂದೊಂದು ಶವಪೆಟ್ಟಿಗೆಯ ಹಿಂದೆಯೂ ಒಂದು ಮನೆಯ ಸಾಲ, ಒಂದು ತಂಗಿಯ ಮದುವೆ, ಅರ್ಧ ಕಟ್ಟಿದ ಒಂದು ಗೋಡೆ ಇತ್ತೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಪಕ್ಕದ ಮಂಚದವನು

ಇಂಥ ಕಾರ್ಮಿಕರ ವಸತಿಗಳಲ್ಲಿ ಒಂದು ಕೋಣೆಯಲ್ಲಿ ಮೇಲೊಂದು ಕೆಳಗೊಂದು ಮಂಚ. ನಮ್ಮ ಹುಡುಗನ ಪಕ್ಕದಲ್ಲಿ ನೇಪಾಳದವನಿರಬಹುದು, ಎದುರಿಗೆ ನೈಜೀರಿಯದವನಿರಬಹುದು. ನೈಜೀರಿಯ ಆಫ್ರಿಕಾದಲ್ಲೇ ಅತಿ ಹೆಚ್ಚು ಜನರಿರುವ ದೇಶ. ನೆಲದಡಿಯಲ್ಲಿ ಎಣ್ಣೆಯಿದ್ದರೂ ಮನೆಯಲ್ಲಿ ಕೆಲಸವಿಲ್ಲದ ಯುವಕರು ಅಲ್ಲಿ ಲೆಕ್ಕವಿಲ್ಲದಷ್ಟು. 2023ರ ಜೂನ್‌ನಲ್ಲಿ ಸುಮಾರು 460 ನೈರಾ ಕೊಟ್ಟರೆ ಒಂದು ಡಾಲರ್ ಸಿಗುತ್ತಿತ್ತು. ಮರುವರ್ಷದ ಹೊತ್ತಿಗೆ ಸುಮಾರು 1,500 ಬೇಕಾಯಿತು. ಅಂದರೆ ಊರಿನಲ್ಲಿ ಕೂಡಿಟ್ಟ ಹಣ ಮೂರನೆಯ ಒಂದು ಭಾಗವಾಯಿತು, ಪರದೇಶಕ್ಕೆ ಹೋಗಲು ಮಾಡುವ ಸಾಲ ಮೂರು ಪಟ್ಟಾಯಿತು. ಅದರ ಮೇಲೆ 2022ರ ಅಕ್ಟೋಬರಿನಿಂದ ಸಂಯುಕ್ತ ಅರಬ್ ಸಂಸ್ಥಾನವು ನೈಜೀರಿಯದವರಿಗೆ ವೀಸಾ ಕೊಡುವುದನ್ನೇ ನಿಲ್ಲಿಸಿತ್ತು. ಮತ್ತೆ ಕೊಡಲಾಗುವುದೆಂದು ಪ್ರಕಟವಾದದ್ದು 2024ರ ಜುಲೈನಲ್ಲಿ. ಇಡೀ ದೇಶದ ಮೇಲೆ ಬಾಗಿಲು ಮುಚ್ಚಿದಾಗ ಪ್ರಾಮಾಣಿಕನೂ ಹೊರಗೇ ಉಳಿಯುತ್ತಾನೆ. ಬಾಗಿಲು ಮುಚ್ಚಿದಲ್ಲೆಲ್ಲಾ ಕಳ್ಳದಾರಿ ತೋರಿಸುವ ದಲ್ಲಾಳಿ ಹುಟ್ಟಿಕೊಳ್ಳುತ್ತಾನೆ.

ಆ ನೈಜೀರಿಯದವನ ಕತೆಗೂ ಚನ್ನಗಿರಿಯವನ ಕತೆಗೂ ಏನು ವ್ಯತ್ಯಾಸ? ಅವನು ಆಫ್ರಿಕಾ ಬಿಟ್ಟು ಅರಬ್ ದೇಶಕ್ಕೆ ಬಂದ, ಇವನು ನಮ್ಮೂರು ಬಿಟ್ಟು ಆಫ್ರಿಕಾಕ್ಕೆ ಹೋದ. ಇಬ್ಬರ ಜೇಬಿನಲ್ಲೂ ಇರುವುದು ಮಗುವಿನ ಒಂದು ಫೋಟೋ, ಸಾಲದ ಒಂದು ಚೀಟಿ.

ಡಾರ್ಫರಿನ ಹೆಸರು ಕೇಳಿದಾಗ ಕಥೋಲಿಕರಾದ ನಮಗೆ ಮತ್ತೊಬ್ಬರು ನೆನಪಾಗಬೇಕು. ಸಂತ ಜೋಸೆಫೀನ್ ಬಖಿತಾ ಸುಮಾರು 1869ರಲ್ಲಿ ಹುಟ್ಟಿದ್ದು ಅದೇ ಡಾರ್ಫರಿನಲ್ಲಿ. ಬಾಲ್ಯದಲ್ಲೇ ಅಪಹರಿಸಲ್ಪಟ್ಟು, ಗುಲಾಮಳಾಗಿ ಮತ್ತೆ ಮತ್ತೆ ಮಾರಾಟವಾಗಿ, ಭಯದಲ್ಲಿ ತನ್ನ ಹೆಸರನ್ನೇ ಮರೆತವಳು ಆಕೆ. ಇಟಲಿಯಲ್ಲಿ 1890ರಲ್ಲಿ ಸ್ನಾನದೀಕ್ಷೆ ಪಡೆದು, ಕನೋಸಾ ಸಭೆಯ ಭಗಿನಿಯಾದರು. ವಿಶ್ವಗುರು ಎರಡನೆಯ ಜಾನ್ ಪಾಲರು 2000ನೇ ಇಸವಿಯಲ್ಲಿ ಅವರನ್ನು ಸಂತರ ಸಾಲಿಗೆ ಸೇರಿಸಿದರು. ಅವರ ಸ್ಮರಣೆಯ ದಿನವಾದ ಫೆಬ್ರವರಿ 8ನ್ನು 2015ರಿಂದ ಮಾನವ ಸಾಗಣೆಯ ವಿರುದ್ಧ ಪ್ರಾರ್ಥನೆಯ ದಿನವಾಗಿ ಧರ್ಮಸಭೆ ಆಚರಿಸುತ್ತಿದೆ.

ಮರಳುಗಾಡಿನಲ್ಲಿ ಬಲಿಪೂಜೆ

ಪರದೇಶದಲ್ಲಿ ವಿಶ್ವಾಸ ಉಳಿಯುವುದೇ ಎಂಬುದು ಅನೇಕ ತಾಯಂದಿರ ಚಿಂತೆ. ಸೌದಿ ಅರೇಬಿಯಾದಲ್ಲಿ ಇಂದಿಗೂ ದೇವಾಲಯವಿಲ್ಲ. ಉಳಿದ ಕೊಲ್ಲಿ ರಾಷ್ಟ್ರಗಳಲ್ಲಿ ಇವೆ. ಬಹ್ರೇನಿನ ಯೇಸುವಿನ ಪವಿತ್ರ ಹೃದಯದ ದೇವಾಲಯ 1939ರದು. ದುಬೈಯ ಸಂತ ಮರಿಯಮ್ಮನವರ ದೇವಾಲಯಕ್ಕೆ ಅಲ್ಲಿನ ದೊರೆಯೇ ಜಾಗ ಕೊಟ್ಟರು. ಅದು 1967ರಲ್ಲಿ ತೆರೆಯಿತು. ಕುವೈತಿನ ಪ್ರಧಾನಾಲಯದ ಹೆಸರೇ ಪವಿತ್ರ ಕುಟುಂಬ. ಬಹುಕಾಲ ಅಲ್ಲಿ ವಾರದ ರಜೆ ಶುಕ್ರವಾರವಾದ್ದರಿಂದ ಭಾನುವಾರದ ಪೂಜೆಗೆ ಸೇರುವಷ್ಟು ಜನ ಶುಕ್ರವಾರವೇ ಸೇರುತ್ತಿದ್ದರು. ಕೊಂಕಣಿ, ಮಲಯಾಳಂ, ತಮಿಳು, ಫಿಲಿಪ್ಪೀನಿನ ಟಗಾಲೊಗ್, ಅರಬ್ಬಿ ಹೀಗೆ ನಾನಾ ಭಾಷೆಗಳಲ್ಲಿ ಪೂಜೆ. ಇಂಗ್ಲಿಷ್ ಪೂಜೆಯಲ್ಲಿ ನಮ್ಮವರೂ ನೈಜೀರಿಯದವರೂ ಒಂದೇ ಬೆಂಚಿನಲ್ಲಿ. 2019ರ ಫೆಬ್ರವರಿ 5ರಂದು ವಿಶ್ವಗುರು ಫ್ರಾನ್ಸಿಸ್‌ರವರು ಅಬುಧಾಬಿಯಲ್ಲಿ ಬಲಿಪೂಜೆ ಅರ್ಪಿಸಿದಾಗ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಅಲ್ಲಿ ಸೇರಿದವರಲ್ಲಿ ಬಹುತೇಕರು ದುಡಿಯಲು ಬಂದ ವಲಸಿಗರೇ.

ಆದ್ದರಿಂದ ಹೊರಡುವ ಮಗನಿಗೆ ಉಪ್ಪಿನಕಾಯಿಯ ಜೊತೆ ಜಪಸರವನ್ನೂ ಕೊಡಿ. ಆದರೆ ಜಪಸರ ಮಾತ್ರ ಸಾಲದು.

ಹೊರಡುವ ಮುನ್ನ

ಜೋಸೆಫರಿಗೆ ದಾರಿ ತೋರಿಸಿದವನು ದೇವದೂತ. ನಮ್ಮ ಮಕ್ಕಳಿಗೆ ದಾರಿ ತೋರಿಸಲು ಬರುವವನು ಏಜೆಂಟ್. ಅವನು ಯಾರೆಂದು ವಿಚಾರಿಸುವುದು ಅವಿಶ್ವಾಸವಲ್ಲ, ವಿವೇಕ.

ನಮ್ಮ ದೇಶದಲ್ಲಿ 1983ರ ವಲಸೆ ಕಾಯ್ದೆಯಿದೆ. ಅದರಡಿ ನೋಂದಾಯಿತ ಏಜೆಂಟರು ಮಾತ್ರ ವಿದೇಶಕ್ಕೆ ಕೆಲಸಗಾರರನ್ನು ಕಳುಹಿಸಬಹುದು. ಅವರ ಹೆಸರುಗಳು ಸರ್ಕಾರದ 'ಇ-ಮೈಗ್ರೇಟ್' ವ್ಯವಸ್ಥೆಯಲ್ಲಿ ಸಿಗುತ್ತವೆ. ಅವರು ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಮಾತ್ರ. ಲಕ್ಷಗಟ್ಟಲೆ ಕೇಳುವವನ ಬಳಿ ತೋಟ ಅಡವಿಟ್ಟು ಹಣ ಸುರಿಯಬೇಡಿ. ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳೂ ಸುಡಾನೂ ಸೇರಿದ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ಸರ್ಕಾರದ ಅನುಮತಿ ಪಡೆಯಬೇಕು. ಇದು ತೊಡಕೆಂದು ತೋರಿದರೂ ನಿಜವಾಗಿ ಬೇಲಿ. ಈ ದಾರಿಯಲ್ಲಿ ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಡಿ, ಕೆಲವೇ ನೂರು ರೂಪಾಯಿಗಳ ಕಂತಿಗೆ, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲರಾದರೆ 10 ಲಕ್ಷ ರೂಪಾಯಿ ವಿಮೆಯಿದೆ. ಪ್ರವಾಸಿ ವೀಸಾದಲ್ಲಿ ಹೋಗಿ 'ಅಲ್ಲಿ ಹೋದಮೇಲೆ ಕೆಲಸದ ವೀಸಾ ಮಾಡಿಸೋಣ' ಎಂಬ ಮಾತಿಗೆ ಒಪ್ಪಿದವರಿಗೆ ಈ ಯಾವ ಬೇಲಿಯೂ ಇಲ್ಲ.

ಕರಾರುಪತ್ರದ ಒಂದು ಪ್ರತಿ, ಪಾಸ್‌ಪೋರ್ಟಿನ ಒಂದು ಪ್ರತಿ ಮನೆಯಲ್ಲಿರಲಿ. ಪಾಸ್‌ಪೋರ್ಟನ್ನು ಮಾಲೀಕ ಕಿತ್ತಿಟ್ಟುಕೊಳ್ಳುವುದು ಅಲ್ಲಿಯ ಕಾನೂನಿಗೂ ವಿರುದ್ಧ. ತೊಂದರೆಯಾದರೆ ಭಾರತೀಯ ರಾಯಭಾರ ಕಚೇರಿಗೆ ಹೇಳಿಕೊಳ್ಳಲು 2015ರಿಂದ 'ಮದದ್' ಎಂಬ ದೂರು ವ್ಯವಸ್ಥೆಯಿದೆ. ಮನೆಯಲ್ಲಿರುವ ತಂದೆ ತಾಯಿಯೂ ಅದರಲ್ಲಿ ದೂರು ಕೊಡಬಹುದು.

ಉಳಿದವರ ಪಾಡು

ಪವಿತ್ರ ಕುಟುಂಬ ಈಜಿಪ್ಟಿಗೆ ಹೋದಾಗ ಮೂವರೂ ಒಟ್ಟಿಗೇ ಹೋದರು. ನಮ್ಮವರು ಒಡೆದು ಹೋಗುತ್ತಾರೆ. ಗಂಡ ಅಲ್ಲಿ, ಹೆಂಡತಿ ಇಲ್ಲಿ. ಅಪ್ಪನೆಂದರೆ ಮೊಬೈಲಿನಲ್ಲಿ ಕಾಣುವ ಮುಖ. ಬರುವ ಹಣದ ಮೇಲೆ ಎಲ್ಲರ ಕಣ್ಣು; ಬಾರದ ತಿಂಗಳು ಎಲ್ಲರ ಮಾತು. ಹಬ್ಬಕ್ಕೆ ಊರಿಗೆ ಬಂದವನನ್ನು ನಾವು ಏನು ತಂದೆ ಎಂದು ಕೇಳುತ್ತೇವೆಯೇ ಹೊರತು ಹೇಗಿದ್ದೆ ಎಂದು ಕೇಳುವುದು ಕಡಿಮೆ. ಅದಕ್ಕೇ ಅವನು ಬಿಸಿಲನ್ನೂ ಬೈಗುಳವನ್ನೂ ಮುಚ್ಚಿಟ್ಟು ಸುಗಂಧದ ಬಾಟಲಿ ಮಾತ್ರ ತೋರಿಸುತ್ತಾನೆ. ಅವನ ಮಾತು ನಂಬಿ ಮುಂದಿನ ಹುಡುಗ ಹೊರಡುತ್ತಾನೆ. ಸತ್ಯ ಹೇಳಲು ಧೈರ್ಯ ಬರುವಂಥ ಮನೆಯನ್ನು ಅವನಿಗೆ ಕೊಡುವುದು ನಮ್ಮ ಕೈಯಲ್ಲಿದೆ.

ನಮ್ಮ ಬಾಗಿಲಿಗೆ ಬಂದವರು

ಕೊನೆಯದಾಗಿ, ಪರದೇಶದವರು ನಮ್ಮವರನ್ನು ಹೇಗೆ ಕಾಣಬೇಕೆಂದು ನಾವು ಬಯಸುತ್ತೇವೋ ಹಾಗೆ ನಾವು ಕಾಣುತ್ತಿದ್ದೇವೆಯೇ? 2016ರ ಜನವರಿ 31ರಂದು ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಹರಿದು ಮಹಿಳೆಯೊಬ್ಬರು ಸತ್ತರು. ದುಃಖದ ಘಟನೆಯೇ. ಆದರೆ ಅದಾದ ನಂತರ ಅದೇ ದಾರಿಯಲ್ಲಿ ಬಂದ, ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯದ ವಿದ್ಯಾರ್ಥಿನಿಯೊಬ್ಬಳನ್ನು ಗುಂಪು ಹಿಡಿದು ಹೊಡೆಯಿತು. ಬಣ್ಣ ಒಂದೇ ಎಂಬುದಷ್ಟೇ ಅವಳ ತಪ್ಪು. ಏಳು ವರ್ಷಗಳ ಬಳಿಕ ನಮ್ಮ 31 ಮಂದಿ ಸುಡಾನಿನಲ್ಲಿ ಜೀವ ಕೈಯಲ್ಲಿ ಹಿಡಿದು ಕುಳಿತಿದ್ದರು.

ಪರದೇಶಿಯನ್ನು ಪ್ರೀತಿಸಿರಿ, ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ ಎಂಬ ಅರ್ಥದ ಆಜ್ಞೆಯನ್ನು ದೇವರು ಇಸ್ರಯೇಲರಿಗೆ ಕೊಟ್ಟರು. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂಬುದು ಧರ್ಮೋಪದೇಶಕಾಂಡದ ನಿಯಮ. ನಮ್ಮ ಧರ್ಮಕ್ಷೇತ್ರದ ಅನೇಕ ಮನೆಗಳ ಹಿರಿಯರೂ ಕರಾವಳಿಯಿಂದ ಘಟ್ಟ ಹತ್ತಿ, ತಮಿಳುನಾಡಿನಿಂದ ಗಂಟು ಹೊತ್ತು, ತೋಟದ ಕೆಲಸಕ್ಕೆ, ಕಾರ್ಖಾನೆಯ ಕೆಲಸಕ್ಕೆ ಬಂದವರೇ. ಇಂದು ಬಿಹಾರದಿಂದ, ಒಡಿಶಾದಿಂದ ಕಟ್ಟಡದ ಕೆಲಸಕ್ಕೆ ಬಂದ ಹುಡುಗರ ಮುಖದಲ್ಲಿ ನಮ್ಮ ಅಜ್ಜಂದಿರ ಮುಖವಿದೆ. ಈ ಹಬ್ಬದ ದಿನ ಅಂಥ ಒಬ್ಬನನ್ನು ಊಟಕ್ಕೆ ಕರೆಯೋಣ. ಹೊರದೇಶದಲ್ಲಿರುವ ನಮ್ಮ ಧರ್ಮಕೇಂದ್ರದವರ ಹೆಸರುಗಳನ್ನು ಪಟ್ಟಿ ಮಾಡಿ ಬಲಿಪೂಜೆಯ ವಿಶ್ವಾಸಿಗಳ ಬಿನ್ನಹದಲ್ಲಿ ಒಂದೊಂದಾಗಿ ಓದೋಣ. ಅವರ ಮನೆಗೆ ಹೋಗಿ ಹೆಂಡತಿ ಮಕ್ಕಳನ್ನು, ವಯಸ್ಸಾದ ತಾಯಿಯನ್ನು ಮಾತಾಡಿಸಿ ಬರೋಣ.

ಈಜಿಪ್ಟಿನ ದಾರಿ ಬಲ್ಲ ಸಂತ ಜೋಸೆಫರು ದೂರದಲ್ಲಿ ದುಡಿಯುವ ನಮ್ಮ ಮಕ್ಕಳ ಕೈಹಿಡಿದು ನಡೆಸಲಿ. ಅವರ ಪಕ್ಕದ ಮಂಚದಲ್ಲಿ ಮಲಗುವ ಹೆಸರು ಗೊತ್ತಿಲ್ಲದ ಸೋದರನನ್ನೂ ಕಾಯಲಿ. ಎಲ್ಲರನ್ನೂ ಕ್ಷೇಮವಾಗಿ ಅವರವರ ನಜರೇತಿಗೆ ಮರಳಿ ತರಲಿ. ಆಮೆನ್.