ಹಳೇ ಕಾರಿನ ವಯಸ್ಸು ಆರ್‌ಸಿಯಲ್ಲಿ ಗೊತ್ತಾಗಲ್ಲ

ಒಂದೇ ವರ್ಷ ತಯಾರಾದ, ಒಂದೇ ಮಾಡೆಲ್‌ನ ಎರಡು ಕಾರು ತಗೊಳ್ಳಿ. ಎರಡರ ಪ್ಲೇಟಿನ ಮೇಲೂ ಹೊಸಪೇಟೆಯ ಕೆಎ-35. ಒಂದು ಸೆಲ್ಫ್ ಹೊಡೆದ ಕೂಡಲೇ ಸ್ಟಾರ್ಟ್ ಆಗುತ್ತೆ, ಇನ್ನೊಂದನ್ನ ನಾಲ್ಕು ಜನ ತಳ್ಳಬೇಕು. "ಹಳೇ ಗಾಡಿ ಅಂದ್ಮೇಲೆ ಇದ್ದಿದ್ದೇ ಬಿಡ್ರಿ" ಅಂತ ನಾವು ಸುಮ್ಮನಾಗ್ತೀವಿ. ಆದರೆ ವಯಸ್ಸು ಎರಡಕ್ಕೂ ಒಂದೇ ಅಲ್ವಾ? ವ್ಯತ್ಯಾಸ ಇರೋದು ಓಡಿದ ದಾರಿಯಲ್ಲಿ, ಓಡಿಸಿದವರ ಕೈಕಾಲಿನಲ್ಲಿ.

ಇದು ನಮಗ್ಯಾಕೆ ಬೇಕು ಅಂದ್ರೆ, ನಮ್ಮಲ್ಲಿ ಬಹಳ ಜನರಿಗೆ ಸಿಗೋ ಮೊದಲ ಕಾರು ಶೋರೂಮಿನದಲ್ಲ, ಮನೆಯ ಹಳೇ ಕಾರು. ಮಾರುತಿ 800 ತಯಾರಿಕೆ ನಿಂತಿದ್ದು 2014ರಲ್ಲಿ, ಅಂಬಾಸಿಡರ್ ನಿಂತಿದ್ದೂ ಅದೇ ವರ್ಷ. ಇವತ್ತಿಗೂ ಎರಡೂ ರಸ್ತೆ ಮೇಲಿವೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಗಾಡಿ ಯೋಗ್ಯವಾಗಿದ್ದರೆ ಮಾತ್ರ ನವೀಕರಣ. ಕೆಟ್ಟರೆ ಇನ್ನೊಂದು ತರೋ ಶಕ್ತಿ ಎಲ್ಲ ಮನೆಗೂ ಇರಲ್ಲ. ಅಪ್ಪ-ಅಮ್ಮ ಬೆಟ್ಟದ ದಾರಿ ಇಳಿಯೋದೂ ಅದೇ ಕಾರಿನಲ್ಲಿ.

ಸಂಡೂರಿನ ಕೆಂಪು ಧೂಳು

ಸಂಡೂರಿನ ಅದಿರು ಹೆಚ್ಚಾಗಿ ಹೆಮಟೈಟ್, ಅಂದ್ರೆ ಐರನ್ ಆಕ್ಸೈಡ್. ಅಕ್ಕಸಾಲಿಗರು ಚಿನ್ನಕ್ಕೆ ಮೆರುಗು ಕೊಡೋ ಕೆಂಪು ಪುಡಿಯೂ ಐರನ್ ಆಕ್ಸೈಡೇ. ಅಲ್ಲಿ ಉಜ್ಜೋದು ಅದರ ಕೆಲಸ, ಎಂಜಿನ್‌ನಲ್ಲಿ ಅದೇ ಕೆಲಸ ಅನಾಹುತ. ರಸ್ತೆ ಧೂಳಿನಲ್ಲಿ ಇದರ ಜೊತೆ ಕ್ವಾರ್ಟ್ಜ್ ಕೂಡ ಇರುತ್ತೆ, ಗಡಸುತನ ಮೋಸ್ ಅಳತೆಯಲ್ಲಿ 7.

ಒಂದು ಸಣ್ಣ ಲೆಕ್ಕ. ಮಾರುತಿ 800ರ ಎಂಜಿನ್ 796 ಸಿಸಿ, ಫೋರ್ ಸ್ಟ್ರೋಕ್. 3000 ಆರ್‌ಪಿಎಂನಲ್ಲಿ ಆಕ್ಸಲರೇಟರ್ ಪೂರ್ತಿ ಒತ್ತಿದ್ರೆ ನಿಮಿಷಕ್ಕೆ ಹೆಚ್ಚುಕಡಿಮೆ 1200 ಲೀಟರ್ ಗಾಳಿ ಎಳೀಬಹುದು. ಫಿಲ್ಟರ್ ಹರಿದಿದ್ರೆ ಅಥವಾ ಅದರ ಡಬ್ಬಿಯ ರಬ್ಬರ್ ಸರಿಯಾಗಿ ಕೂತಿಲ್ಲದಿದ್ರೆ, ಆ ಗಾಳಿಯ ಧೂಳೆಲ್ಲ ಆಯಿಲ್ ಜೊತೆ ಸೇರಿ ಅರೆಯೋ ಪೇಸ್ಟ್ ಆಗುತ್ತೆ. ಪಿಸ್ಟನ್ ರಿಂಗ್ ಸವೆಯುತ್ತೆ, ಆಯಿಲ್ ಉರಿಯುತ್ತೆ, ನೀಲಿ ಹೊಗೆ ಬರುತ್ತೆ. ಕೆಲವು ನೂರು ರೂಪಾಯಿಯ ಫಿಲ್ಟರ್ ಉಳಿಸೋಕೆ ಹೋಗಿ ಎಂಜಿನ್ ಬೋರ್ ಮಾಡಿಸೋ ಖರ್ಚು. ಲಾರಿ ಓಡಾಡೋ ದಾರಿಯಲ್ಲಿ ದಿನಾ ಹೋಗೋರು ಕಂಪನಿ ಹೇಳಿದ ಕಿಲೋಮೀಟರ್‌ಗಿಂತ ಮುಂಚೆಯೇ ಫಿಲ್ಟರ್ ಬದಲಿಸಬೇಕು. ಧೂಳು ಕೂತ ಗಾಜನ್ನ ಒಣ ಬಟ್ಟೆಯಲ್ಲಿ ಒರೆಸಬೇಡಿ, ಮೊದಲು ನೀರು ಹಾಕಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ

ಕುಮಾರಸ್ವಾಮಿ ಬೆಟ್ಟದಂಥ ಇಳಿಜಾರಿನಲ್ಲಿ ಪೆಟ್ರೋಲ್ ಉಳಿಯುತ್ತೆ ಅಂತ ಗಾಡಿಯನ್ನ ನ್ಯೂಟ್ರಲ್‌ಗೆ ಹಾಕೋ ಅಭ್ಯಾಸ ಬಹಳ ಜನಕ್ಕಿದೆ. ಜನ ಸೇರಿ 900 ಕಿಲೋ ಇರೋ ಕಾರು 100 ಮೀಟರ್ ಎತ್ತರ ಇಳಿದ್ರೆ ಎಂಜಿಎಚ್ ಲೆಕ್ಕದಲ್ಲಿ 882 ಕಿಲೋಜೂಲ್. ನ್ಯೂಟ್ರಲ್‌ನಲ್ಲಿ ಅದರ ಬಹುಪಾಲು ಬ್ರೇಕ್‌ಗೇ ಹೋಗುತ್ತೆ. ಡಿಸ್ಕ್, ಡ್ರಮ್ ಸೇರಿ 8 ಕಿಲೋ ಕಬ್ಬಿಣ ಅಂದ್ಕೊಳ್ಳಿ, ಗಾಳಿಗೆ ಆರದೇ ಇದ್ರೆ ಬಿಸಿ ಸುಮಾರು 240 ಡಿಗ್ರಿ ಏರುತ್ತೆ. ಗಾಳಿ ಆರಿಸುತ್ತೆ ನಿಜ, ಆದರೆ ಇಳಿಜಾರು 100 ಮೀಟರ್‌ಗೆ ಮುಗಿಯಲ್ಲವಲ್ಲ!

ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತೆ. ಡಾಟ್ 3 ಆಯಿಲ್‌ನ ಕುದಿಬಿಂದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ, ತೇವ ಹಿಡಿದ ಮೇಲೆ 140ರ ತನಕ ಇಳಿಯಬಹುದು. ಕುದ್ದರೆ ಪೈಪಿನಲ್ಲಿ ಆವಿ, ಒತ್ತಿದ ಪೆಡಲ್ ಸುಮ್ಮನೆ ಕೆಳಗೆ ಹೋಗುತ್ತೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಬೇಕು. ಹಳೇ ಡ್ರೈವರ್‌ಗಳು ಹೇಳೋ ಹಾಗೆ, ಹತ್ತೋಕೆ ಯಾವ ಗೇರ್ ಬೇಕೋ ಇಳಿಯೋಕೂ ಅದೇ ಗೇರ್. ಇಂಜೆಕ್ಷನ್ ಕಾರುಗಳಲ್ಲಂತೂ ಗೇರಿನಲ್ಲಿ ಇಳಿಯುವಾಗ ಆಕ್ಸಲರೇಟರ್ ಬಿಟ್ಟರೆ ಇಂಧನವೇ ಕಟ್ ಆಗುತ್ತೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಐಡಲ್‌ನಲ್ಲಿ ಇರೋಕೆ ಪೆಟ್ರೋಲ್ ಕುಡೀತಾನೇ ಇರುತ್ತೆ.

ಹೊಸಪೇಟೆಯ ಬಿಸಿಲು, ಹಂಪಿಯ ಗದ್ದಲ

"ಬರೀ ಊರೊಳಗೆ ಓಡಿಸಿದ ಗಾಡಿ" ಅನ್ನೋದು ಮಾರೋರ ಮಾತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತೆ. ಎಂಜಿನ್ ಪೂರ್ತಿ ಬಿಸಿಯಾದ್ರೆ ಅದು ಆವಿಯಾಗಿ ಹೋಗುತ್ತೆ. ಮಾರ್ಕೆಟ್‌ಗೆ ಎರಡು ಕಿಲೋಮೀಟರ್ ಹೋಗಿ ಬರೋ ಕಾರಿನಲ್ಲಿ ಸ್ವಲ್ಪ ನೀರು ಆಯಿಲ್‌ಗೆ, ಸೈಲೆನ್ಸರ್‌ಗೆ ಸೇರಿ ಉಳಿಯುತ್ತೆ. ಹಾಗಾಗಿ ವಾರಕ್ಕೊಮ್ಮೆಯಾದ್ರೂ ಅರ್ಧ ಗಂಟೆ ಹೈವೇನಲ್ಲಿ ಓಡಿಸಿ. ಕಮ್ಮಿ ಓಡಿದ್ರೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ.

ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ಹೊಸದೇನಲ್ಲ. ರೇಡಿಯೇಟರ್‌ಗೆ ಬೋರ್ ನೀರು ಹಾಕಿದ್ರೆ ಮನೆ ಹಂಡೆಯೊಳಗೆ ಕಟ್ಟೋ ಬಿಳಿ ಪದರವೇ ಅಲ್ಲೂ ಕಟ್ಟುತ್ತೆ. ಕೂಲಂಟ್ ಹಾಕಿ, ಎಂಜಿನ್ ಬಿಸಿ ಇದ್ದಾಗ ಮುಚ್ಚಳ ಮಾತ್ರ ತೆಗೀಬೇಡಿ. ಬಿಸಿಲಿಗೆ ಬ್ಯಾಟರಿ ಆಯುಸ್ಸೂ ಬೇಗ ಕರಗುತ್ತೆ, ನೆರಳು ಸಿಕ್ಕಿದ ಕಡೆ ನಿಲ್ಲಿಸಿ.

ಹಂಪಿಯಲ್ಲಿ ಉತ್ಸವದ ದಿನ ಸವೆಯೋದು ಕ್ಲಚ್. ಕ್ಲಚ್ ಅರ್ಧ ಒತ್ತಿ ಇಂಚಿಂಚು ತೆವಳಿದ್ರೆ ಪ್ಲೇಟ್ ಜಾರ್ತಾ ಬಿಸಿಯಾಗುತ್ತೆ. ಮುಂದೆ ಜಾಗ ಆಗೋ ತನಕ ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಹಾಕಿ. ನಿಂತ ಗಾಡಿಗೆ ನ್ಯೂಟ್ರಲ್ ಸರಿ, ಇಳಿಯೋ ಗಾಡಿಗೆ ತಪ್ಪು.

ಕಂಪ್ಲಿಯ ನೀರು, ಕೆಸರು

ಜಲಾಶಯದಿಂದ ನದಿಗೆ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ-ಗಂಗಾವತಿ ಸೇತುವೆ ಮುಳುಗಿದ್ದನ್ನ ನಾವೆಲ್ಲ ಕೇಳಿದ್ದೀವಿ. ನೀರು ಹರಿಯೋ ರಸ್ತೆಗೆ ಯಾವ ಕಾರನ್ನೂ ಇಳಿಸಬೇಡಿ. ಸಿಲಿಂಡರ್‌ಗೆ ನೀರು ನುಗ್ಗಿದ್ರೆ ಪಿಸ್ಟನ್ ಅದನ್ನ ಕುಗ್ಗಿಸೋಕಾಗಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತೆ. ನೀರಿನಲ್ಲಿ ಎಂಜಿನ್ ನಿಂತ್ರೆ ಮತ್ತೆ ಸೆಲ್ಫ್ ಹೊಡೀಬೇಡಿ. ಗದ್ದೆಯ ಕೆಸರು ಚಕ್ರದ ಮೇಲಿನ ಕಮಾನಿನಲ್ಲಿ ತೇವ ಹಿಡಿದಿಟ್ಟು ಒಳಗಿಂದ ತುಕ್ಕು ತರುತ್ತೆ. ಮೇಲೆ ಪಾಲಿಶ್ ಮಾಡೋದಕ್ಕಿಂತ ಕೆಳಗೆ ಪೈಪ್ ಹಿಡಿದು ತೊಳೆಯೋದು ಮುಖ್ಯ. ರಸ್ತೆಯಲ್ಲಿ ಹರಡಿದ ಹುಲ್ಲಿನ ಮೇಲೆ ಹೋಗಿದ್ರೆ, ನಿಲ್ಲಿಸಿ ಕಾರಿನ ಅಡಿ ನೋಡಿ. ಬಿಸಿ ಸೈಲೆನ್ಸರ್‌ಗೆ ಸಿಕ್ಕಿದ ಒಣಹುಲ್ಲು ಹೊತ್ತಿಕೊಳ್ಳುತ್ತೆ.

ಭಾನುವಾರದ ಹತ್ತು ನಿಮಿಷ

• ಡಿಪ್‌ಸ್ಟಿಕ್ ತೆಗೆದು ಆಯಿಲ್ ನೋಡಿ. ಹಾಲು ಬೆರೆಸಿದಂತಿದ್ರೆ ನೀರು ಸೇರಿದೆ.
• ಕೂಲಂಟ್, ಬ್ರೇಕ್ ಆಯಿಲ್ ಮಟ್ಟ ನೋಡಿ. ಪದೇಪದೇ ಇಳೀತಿದ್ರೆ ಸುಮ್ಮನೆ ತುಂಬಿಸ್ತಾ ಇರಬೇಡಿ, ಸೋರಿಕೆ ಹುಡುಕಿ.
• ಟೈರ್ ಗಾಳಿ ತಂಪಿದ್ದಾಗ ಅಳೆಯಿರಿ. ಟೈರಿನ ಪಕ್ಕ 2419 ಅಂತಿದ್ರೆ ಅದು 2019ರ 24ನೇ ವಾರದ್ದು. ಗುಂಡಿ ಆಳ ಇದ್ರೂ ರಬ್ಬರ್ ಬಿರುಕು ಬಿಟ್ಟಿದ್ರೆ ಬದಲಿಸಿ.
• ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದು ಅಂತ ಮನೆಯಲ್ಲಿ ಕೇಳಿ. ಯಾರಿಗೂ ನೆನಪಿಲ್ಲ ಅಂದ್ರೆ ಈಗಲೇ ಹಾಕಿಸೋದು ಒಳ್ಳೇದು.
• ಮಾಡಿಸಿದ್ದನ್ನೆಲ್ಲ ದಿನಾಂಕ, ಕಿಲೋಮೀಟರ್ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದಾಗಲೂ ಮೊದಲು ಕೇಳಬೇಕಾಗಿದ್ದು ಆ ನೋಟ್‌ಬುಕ್ಕನ್ನೇ. ಮೀಟರ್ ಎಷ್ಟು ಓಡಿದೆ ಅಂತ ಮಾತ್ರ ಹೇಳುತ್ತೆ, ಹೇಗೆ ನೋಡಿಕೊಂಡಿದ್ದಾರೆ ಅನ್ನೋದು ನೋಟ್‌ಬುಕ್ಕಿನಲ್ಲಿ ಇರುತ್ತೆ.