ಒಂದೆರಡು ಚಮಚ ರಕ್ತ

ಅರಸೀಕೆರೆ ಇರಲಿ, ಬೇಲೂರು, ಹಳೇಬೀಡು ಇರಲಿ, ಬಸುರಿಯಾದಾಗ ನಾವು ಆಸ್ಪತ್ರೆಗೆ ಹೋಗುತ್ತೇವೆ. ರಕ್ತ ಕೊಡಿ ಅಂದರೆ ಹಿಂಜರಿಯುತ್ತೇವೆ. "ಇರೋದೇ ಅಷ್ಟು. ಅದನ್ನೂ ತೆಗೆದ್ರೆ ಹೆಂಗೆ?" ಅಂತೀವಿ. ತೆಗೆಯುವುದು ಒಂದೆರಡು ಚಮಚ. ಮೈ ಅದನ್ನು ಮತ್ತೆ ತುಂಬಿಕೊಳ್ಳುತ್ತದೆ.

"ಸೊಸೆ ಗುಂಡುಗುಂಡಗೆ ಇದ್ದಾಳೆ, ಅವಳಿಗೇನು?" ಅಂತ ಅತ್ತೆ ಹೇಳಬಹುದು. ಕಣ್ಣಿಗೆ ಕಾಣದ್ದು ರಕ್ತದಲ್ಲಿ ಗೊತ್ತಾಗುತ್ತದೆ.

ರಕ್ತವನ್ನು ಕೆಂಪಾಗಿಸುವುದು ಹಿಮೋಗ್ಲೋಬಿನ್. ಉಸಿರಿನ ಗಾಳಿಯನ್ನು ಮೈಗೆಲ್ಲಾ ಸಾಗಿಸುವುದೂ ಅದೇ. ಬಸುರಿಯಲ್ಲಿ ಅದು 11 ಗ್ರಾಂ ಆದರೂ ಇರಬೇಕು. 7ಕ್ಕಿಂತ ಕೆಳಗಿಳಿದರೆ ದೊಡ್ಡ ಅಪಾಯ. ಹೆರಿಗೆಯಲ್ಲಿ ರಕ್ತ ಹೋದರೆ ಜೀವಕ್ಕೇ ಕುತ್ತು. ಮೊದಲೇ ತಿಳಿದರೆ ಕಬ್ಬಿಣದ ಮಾತ್ರೆಯಿಂದ ಸರಿಪಡಿಸಬಹುದು. ಮಾತ್ರೆಯನ್ನು ಕಾಫಿ ಜೊತೆ ಮಾತ್ರ ನುಂಗಬಾರದು. ಕಾಫಿ ಬಿಡಲಾರದ ಸೀಮೆ ನಮ್ಮದು, ಒಂದೆರಡು ಗಂಟೆ ತಡೆಯೋಣ! ಎಷ್ಟು ಗ್ರಾಂ ಅಂತ ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ಈಗ ನಾವೇ ಓದಿ ನೋಡಬಹುದು.

ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಬಿಟ್ಟು ಸಕ್ಕರೆಯನ್ನೂ ನೋಡುತ್ತಾರೆ. 140 ಅಥವಾ ಹೆಚ್ಚು ಬಂದರೆ ಸಕ್ಕರೆ ಕಾಯಿಲೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನ ಮಿಷನ್ ಆಸ್ಪತ್ರೆ ಅಂತಾರೆ. ಅಲ್ಲಿ 1997-98ರಲ್ಲಿ ನೂರಾರು ಬಸುರಿಯರು ಸಂಶೋಧನೆಗೆ ರಕ್ತ ಕೊಟ್ಟರು. ನಮ್ಮಂಥ ಹೆಂಗಸರೇ. 100ಕ್ಕೆ 43 ಮಂದಿಯಲ್ಲಿ ಬಿ-12 ಅನ್ನೋ ಜೀವಸತ್ವ ಕಮ್ಮಿ ಇತ್ತು. ಅಂಥವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತು. ಹುಟ್ಟಿದ ಮಕ್ಕಳನ್ನೂ ವರ್ಷಗಟ್ಟಲೆ ಪರೀಕ್ಷಿಸುತ್ತಾ ಬಂದರು.

ಬಿ-12 ಸೊಪ್ಪಿನಲ್ಲಿಲ್ಲ, ರಾಗಿಯಲ್ಲೂ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ಕರೆದ ಹಾಲನ್ನೆಲ್ಲಾ ಡೇರಿಗೆ ಹಾಕುತ್ತೇವೆ. ಬಸುರಿಗೆ ಅಂತ ಒಂದು ಲೋಟ ಮನೆಯಲ್ಲೇ ಉಳಿಯಲಿ.